ಗೇಮ್ ಇರುವ ದೆವ್ವದ ಕಥೆ: "ಫೋನ್ ಆಫ್ ಮಾಡಿದ್ರೆ ಮುಗೀತಲ್ಲ ಅಕ್ಕಾ" ಅಂದರೆ ಏನು ಉತ್ತರ?

ಗೂಡುಮನೆ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಈಗ ಒಂದು ಹಾರರ್ ಕಥೆ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳಿಗೆ.

ಆ ವಯಸ್ಸಿನವರಿಗೆ ಕೊಡೋಕೆ ನನ್ನ ಕಪಾಟಿನಲ್ಲಿ ಏನೂ ಇಲ್ಲ. ಒಂದು ಕಡೆ ಕಾಗೆ ನರಿ ಕಥೆಗಳು, ಇನ್ನೊಂದು ಕಡೆ ದೊಡ್ಡವರ ದಪ್ಪ ಕಾದಂಬರಿಗಳು. ಮಧ್ಯೆ ಖಾಲಿ. "ಅಕ್ಕಾ, ದೆವ್ವದ್ದು ಇದೆಯಾ? ಗೇಮಿಂದು ಇದೆಯಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ ಅಲ್ಲೇ ಮೂಲೆಯಲ್ಲಿ ಕೂತು, ಯಾರೋ ಹಿಂದಿಯಲ್ಲಿ ಕಿರುಚುತ್ತಾ ಹಾರರ್ ಗೇಮ್ ಆಡುವ ವಿಡಿಯೋ ನೋಡುತ್ತಾರೆ. ಅವರಿಗೆ ಹೆದರುವುದು ಇಷ್ಟ. ಕಥೆಯೂ ಇಷ್ಟ. ಅದು ಕನ್ನಡದಲ್ಲಿ, ನಮ್ಮ ಕಡೆಯ ಮನೆಗಳಲ್ಲಿ ನಡೆಯುವ ಹಾಗೆ ಸಿಗಬೇಕು ಅಂತ ನನಗೆ ತುಂಬಾ ಆಸೆ.

ಕಥೆ ಹೀಗಿದೆ. ಫಸ್ಟ್ ಪಿಯುಸಿ ಓದುವ ಹುಡುಗಿ. ಹೋದ ಬೇಸಿಗೆಯಲ್ಲಿ ಅವಳ ಅಣ್ಣ ಕೆರೆಯಲ್ಲಿ ಮುಳುಗಿ ಹೋಗಿದ್ದಾನೆ. ಹುಳುಮನೆಯಲ್ಲಿ ರಾತ್ರಿ ಹನ್ನೊಂದರ ಸೊಪ್ಪು ಹಾಕುವುದು ಮೊದಲು ಅಣ್ಣನ ಕೆಲಸ, ಈಗ ಇವಳದ್ದು. ಹುಳು ಸಾಕಿದವರಿಗೆ ಗೊತ್ತು, ನಾಲ್ಕನೇ ಜ್ವರ (ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲಿನ ಆ ಒಂದು ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಹುಳು ತನ್ನ ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಆ ವಾರದಲ್ಲೇ ತಿನ್ನುತ್ತದೆ. ಅಪ್ಪ ಅಮ್ಮ ಸಂಜೆ ಸೊಪ್ಪು ಹಾಕಿ ಮಲಗುತ್ತಾರೆ. ಹುಡುಗಿ ಹನ್ನೊಂದರವರೆಗೆ ಎಚ್ಚರ ಇರಬೇಕು. ಅದಕ್ಕೆ ಅಣ್ಣನ ಹಳೇ ಫೋನ್ ಹಿಡಿದು, ಅಣ್ಣ ಆಡುತ್ತಿದ್ದ ಗೇಮ್ ಆಡುತ್ತಾ ಕೂರುತ್ತಾಳೆ. ಫೋನಿಗೆ ತನ್ನದೇ ಐಡಿ ಹಾಕಿಕೊಂಡಿರುತ್ತಾಳೆ. ಒಂದು ರಾತ್ರಿ ಫ್ರೆಂಡ್ಸ್ ಲಿಸ್ಟ್‌ನಲ್ಲಿ ಅಣ್ಣನ ಐಡಿ ಹಸಿರಾಗುತ್ತದೆ. ಆನ್‌ಲೈನ್.

ಇಲ್ಲಿವರೆಗೆ ನಮ್ಮ ಚಿಕ್ಕಪ್ಪನ ಮಗಳು ಉಸಿರು ಬಿಗಿ ಹಿಡಿದು ಓದಿದಳು. ಎಸ್ಸೆಸ್ಸೆಲ್ಸಿ ಹುಡುಗಿ, ದಿನಾ ಆಡುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಗೇಮ್ ಒಳಗಿನ ಒಂದು ಆಕಾರ ಸ್ಕ್ರೀನ್‌ನಿಂದ ಹೊರಗೆ ಕೈ ಚಾಚುತ್ತದೆ. ಅಲ್ಲಿಗೆ ಬಂದವಳು ಪುಸ್ತಕ ಕೆಳಗಿಟ್ಟು, "ಫೋನ್ ಆಫ್ ಮಾಡಿದ್ರೆ ಮುಗೀತಲ್ಲ ಅಕ್ಕಾ" ಅಂದಳು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಸಿನಿಮಾದಲ್ಲಿ ಮನೆ ಬಿಟ್ಟು ಓಡೋಕೆ ಆಗಲ್ಲ, ಮಳೆ ಇದೆ, ರಸ್ತೆ ಇಲ್ಲ ಅಂತ ಏನೋ ಹೇಳಬಹುದು. ಫೋನ್‌ಗೆ ಪಕ್ಕದಲ್ಲೇ ಬಟನ್ ಇದೆ. ಒತ್ತಿದರೆ ಆಯ್ತು. ಹುಡುಗಿ ಯಾಕೆ ಒತ್ತಲ್ಲ? ಗೇಮ್ ಗೊತ್ತಿರುವವರು, ಈ ವಯಸ್ಸಿನ ಮಕ್ಕಳ ಜೊತೆ ಇರುವವರು, ಹಾರರ್ ಓದುವವರು, ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ. ಜನವರಿ ಒಳಗೆ ಮುಗಿಸಬೇಕು ಅಂತ ಇದ್ದೇನೆ.

ಕ್ಯಾತ್ಸಂದ್ರದವನು (ತುಮಕೂರು)

ಮೇಡಂ, ನಾನು ಗೇಮ್ ಟೆಸ್ಟರ್. ಕಂಪನಿ ಬೆಂಗಳೂರಿನಲ್ಲಿದೆ, ದಿನಾ ತುಮಕೂರಿನಿಂದ ಟ್ರೇನ್‌ನಲ್ಲಿ ಹೋಗಿ ಬರುತ್ತೇನೆ. ಗೇಮ್ ಎಲ್ಲಿ ಮುರಿಯುತ್ತೆ ಅಂತ ಹುಡುಕುವುದೇ ನನ್ನ ಕೆಲಸ. ನಿಮ್ಮ ತಂಗಿ ಕೇಳಿದ ಪ್ರಶ್ನೆಯೇ ಈ ಬಗೆಯ ಕಥೆಗಳ ಬೇರು. ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಪುಸ್ತಕ ಬರೆದ ಹಾಗೆ.

ಮೊದಲು ಗೇಮ್ ಹೇಗೆ ಹೆದರಿಸುತ್ತೆ ಅಂತ ನೋಡಿ. ಸಿನಿಮಾ ನೋಡುವಾಗ "ಬೇಡ, ಆ ಬಾಗಿಲು ತೆಗೀಬೇಡ" ಅಂತ ಕೂಗುತ್ತೇವೆ. ಅವಳು ತೆಗೆಯುತ್ತಾಳೆ. ಗೇಮ್‌ನಲ್ಲಿ ಬಾಗಿಲು ತೆಗೆಯುವವರು ನಾವೇ. ನಾವು ಬಟನ್ ಒತ್ತದಿದ್ದರೆ ಆ ಬಾಗಿಲು ನಾಳೆ ಬೆಳಗ್ಗೆವರೆಗೂ ಮುಚ್ಚೇ ಇರುತ್ತೆ. ಆದರೂ ಒತ್ತುತ್ತೇವೆ. ಆ ಒತ್ತುವ ಬೆರಳಿನಲ್ಲಿದೆ ಭಯ. ಸ್ಕ್ರೀನ್‌ನಿಂದ ಬರುವ ಕೈಯಲ್ಲಿ ಇಲ್ಲ.

ಎರಡನೆಯದು, ಒಳ್ಳೆ ಹಾರರ್ ಗೇಮ್‌ಗಳು ಜಾಸ್ತಿ ತೋರಿಸುವುದಿಲ್ಲ, ಕಿತ್ತುಕೊಳ್ಳುತ್ತವೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಗೇಮ್ ಸೇವ್ ಮಾಡಬೇಕಾದರೆ, ಅಂದರೆ ಆಡಿದಷ್ಟನ್ನು ಉಳಿಸಿಕೊಳ್ಳಬೇಕಾದರೆ, ಟೈಪ್‌ರೈಟರ್ ಹತ್ತಿರ ಹೋಗಬೇಕು, ಕೈಯಲ್ಲಿ ಇಂಕ್ ರಿಬ್ಬನ್ ಇರಬೇಕು. ರಿಬ್ಬನ್‌ಗಳು ಕಡಿಮೆ. ಈಗ ಸೇವ್ ಮಾಡಲಾ, ಇನ್ನೂ ಸ್ವಲ್ಪ ದೂರ ಹೋಗಲಾ ಅನ್ನುವ ಸಂಕಟ ಇದೆಯಲ್ಲ, ಅದು ಯಾವ ರಾಕ್ಷಸನಿಗಿಂತಲೂ ದೊಡ್ಡದು. 1999ರ ಸೈಲೆಂಟ್ ಹಿಲ್‌ನಲ್ಲಿ ಊರೆಲ್ಲಾ ಮಂಜು. ಆಗಿನ ಪ್ಲೇಸ್ಟೇಷನ್‌ಗೆ (ಟಿವಿಗೆ ಜೋಡಿಸಿ ಆಡುವ ಗೇಮ್ ಮೆಷಿನ್) ದೂರದ ರಸ್ತೆ, ಕಟ್ಟಡ ಎಲ್ಲಾ ಒಟ್ಟಿಗೆ ಬರೆದು ತೋರಿಸುವ ಶಕ್ತಿ ಇರಲಿಲ್ಲ. ಮಂಜು ಹಾಕಿ ಆ ಕೊರತೆ ಮುಚ್ಚಿದರು. ಜನ ಇವತ್ತಿಗೂ ಆ ಮಂಜನ್ನೇ ನೆನೆಸಿಕೊಳ್ಳುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ 1978ರ ಸ್ಪೇಸ್ ಇನ್ವೇಡರ್ಸ್. ಶತ್ರುಗಳು ಸತ್ತು ಕಡಿಮೆಯಾದ ಹಾಗೆ ಉಳಿದವರು ವೇಗವಾಗಿ ಬರುತ್ತಾರೆ. ಬರೆಯಬೇಕಾದ ಚಿತ್ರ ಕಡಿಮೆಯಾದಾಗ ಚಿಪ್ ಚುರುಕಾಯಿತು, ಅಷ್ಟೇ ಕಾರಣ. ಕೆಳಗೆ ಬಡಿಯುವ ನಾಲ್ಕು ಸ್ವರದ ಶಬ್ದವೂ ಜೊತೆಗೇ ವೇಗ ಆಗುತ್ತೆ. ಕೊನೆಗೆ ಒಂದೇ ಒಂದು ಉಳಿದಾಗ ಕೈ ಬೆವರುತ್ತೆ.

ಮೂರನೆಯದು, ನಂಬಿಕೆ ಮುರಿಯುವುದು. ಗೇಮ್‌ಕ್ಯೂಬ್ ಅನ್ನುವ ಅಂಥದ್ದೇ ಮೆಷಿನ್‌ಗೆ 2002ರಲ್ಲಿ ಬಂದ ಎಟರ್ನಲ್ ಡಾರ್ಕ್‌ನೆಸ್ ಅನ್ನುವ ಗೇಮ್‌ನಲ್ಲಿ ಪಾತ್ರದ ಬುದ್ಧಿ ಕೆಡುತ್ತಾ ಹೋದಂತೆ, ನಿಮ್ಮ ಸೇವ್ ಎಲ್ಲಾ ಅಳಿಸಿಹೋಗುತ್ತಿದೆ ಅಂತ ಸುಳ್ಳು ತೋರಿಸುತ್ತದೆ. ಅಲ್ಲಿ ದೆವ್ವ ಇಲ್ಲ, ರಕ್ತ ಇಲ್ಲ. ಬರೀ ಒಂದು ಮೆಸೇಜ್. ಆಡುವವನು ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ. ಮೈನ್‌ಕ್ರಾಫ್ಟ್‌ನಲ್ಲಿ ಹೀರೋಬ್ರೈನ್ ಅಂತ ಬಿಳಿ ಕಣ್ಣಿನ ಒಬ್ಬ ಇದ್ದಾನೆ ಅಂತ 2010ರಲ್ಲಿ ಪುಕಾರು ಹಬ್ಬಿತು. ಗೇಮ್‌ನಲ್ಲಿ ಅವನು ಯಾವತ್ತೂ ಇರಲೇ ಇಲ್ಲ. ಆದರೆ ಮುಂದೆ ಎಷ್ಟೋ ಅಪ್‌ಡೇಟ್ ಬಂದಾಗ ಬದಲಾವಣೆಗಳ ಪಟ್ಟಿಯ ಕೊನೆಗೆ ತಯಾರಕರು "ಹೀರೋಬ್ರೈನ್‌ನನ್ನು ತೆಗೆದುಹಾಕಲಾಗಿದೆ" ಅಂತ ತಮಾಷೆಗೆ ಬರೆಯೋಕೆ ಶುರು ಮಾಡಿದರು. ತೆಗೆದೆವು ಅಂದರೆ ಇದ್ದ ಅಂತ ಅಲ್ವಾ? ಮಕ್ಕಳು ಇನ್ನಷ್ಟು ನಂಬಿದರು. ನಿಮ್ಮ ಕಥೆಯಲ್ಲಿ ಇದನ್ನು ಧಾರಾಳವಾಗಿ ಬಳಸಬಹುದು. ಗೇಮ್ ಅಪ್‌ಡೇಟ್ ಆಗುತ್ತೆ. ಸಣ್ಣ ಅಕ್ಷರದ ಪಟ್ಟಿಯಲ್ಲಿ ಅಣ್ಣನ ಐಡಿಯ ಹೆಸರು. "ತೆಗೆದುಹಾಕಲಾಗಿದೆ." ಆ ರಾತ್ರಿಯೂ ಅವನು ಆನ್‌ಲೈನ್ ಬರುತ್ತಾನೆ.

ಈಗ ನಿಮ್ಮ ಬಟನ್ ವಿಷಯ. ಕಾರ್ ರೇಸ್ ಗೇಮ್‌ಗಳಲ್ಲಿ ಗೋಸ್ಟ್ ಅಂತ ಒಂದು ಇರುತ್ತೆ. 1992ರ ಸೂಪರ್ ಮಾರಿಯೋ ಕಾರ್ಟ್‌ನಲ್ಲೇ ಇತ್ತು. ಅತಿ ಕಡಿಮೆ ಸಮಯದಲ್ಲಿ ಓಡಿಸಿದ ಓಟವನ್ನು ಗೇಮ್ ನೆನಪಿಟ್ಟುಕೊಂಡು, ಮುಂದಿನ ಸಲ ಪಾರದರ್ಶಕ ಗಾಡಿಯಾಗಿ ನಿಮ್ಮ ಪಕ್ಕ ಓಡಿಸುತ್ತೆ. 2014ರಲ್ಲಿ ಒಬ್ಬ ಹುಡುಗ ಒಂದು ವಿಡಿಯೋ ಕೆಳಗೆ ಕಾಮೆಂಟ್ ಬರೆದಿದ್ದ. ಅವನಿಗೆ ಆರು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಇಬ್ಬರೂ ಎಕ್ಸ್‌ಬಾಕ್ಸ್‌ನಲ್ಲಿ ಆಡುತ್ತಿದ್ದರು. ವರ್ಷಗಳ ನಂತರ ಅದನ್ನು ಆನ್ ಮಾಡಿದಾಗ ರೇಸ್ ಗೇಮ್‌ನಲ್ಲಿ ಅಪ್ಪನ ಗೋಸ್ಟ್ ಗಾಡಿ ಇನ್ನೂ ಓಡುತ್ತಿತ್ತು. ಅವನು ಆಡಿ ಆಡಿ ಅದನ್ನು ಸೋಲಿಸುವ ಮಟ್ಟಕ್ಕೆ ಬಂದ. ಗೆದ್ದರೆ ಹೊಸ ದಾಖಲೆ ಬಂದು ಅಪ್ಪನ ಓಟ ಅಳಿಸಿಹೋಗುತ್ತೆ. ಅದಕ್ಕೆ ಓಟ ಮುಗಿಯುವ ಗೆರೆಯ ಮುಂದೆ ಬಂದು ನಿಂತುಬಿಡುತ್ತಿದ್ದ.

ನಿಮ್ಮ ಹುಡುಗಿ ಯಾಕೆ ಬಟನ್ ಒತ್ತಲ್ಲ ಅನ್ನೋದಕ್ಕೆ ಇದೇ ಉತ್ತರ. ಆಫ್ ಮಾಡಿದರೆ ದೆವ್ವ ಹೋಗುತ್ತೆ ಅನ್ನೋದು ನಿಜ. ಆದರೆ ಅದರ ಜೊತೆ ಅಣ್ಣನೂ ಹೋಗುತ್ತಾನೆ. ಎರಡರಲ್ಲಿ ಯಾವುದು ಬಂದಿರೋದು ಅಂತ ಅವಳಿಗೆ ಗೊತ್ತಿಲ್ಲ. ಓದುವವರಿಗೂ ಗೊತ್ತಾಗಬಾರದು.

ಕೈ ಹೊರಗೆ ಚಾಚುವ ಅಧ್ಯಾಯ ಪೂರ್ತಿ ತೆಗೆಯಿರಿ. ಐಡಿ ಹಸಿರಾಗೋದಕ್ಕೆ ಮಾಮೂಲಿ ಕಾರಣವೂ ಒಂದು ಇರಲಿ. ಅಣ್ಣನ ಐಡಿ ಅವನ ಫೋನ್ ನಂಬರ್‌ಗೆ ಕಟ್ಟಿರುತ್ತೆ. ರೀಚಾರ್ಜ್ ಮಾಡದೆ, ಬಳಸದೆ 90 ದಿನ ಬಿಟ್ಟರೆ ಸಿಮ್ ನಿಲ್ಲಿಸಬಹುದು. ಆಮೇಲೆ ಕನಿಷ್ಠ ಇನ್ನೂ 90 ದಿನ ಬಿಟ್ಟು ಆ ನಂಬರ್ ಬೇರೆಯವರಿಗೆ ಕೊಡಬಹುದು. ಹಾಗಾದರೆ ಓಟಿಪಿ ಆ ಹೊಸಬರಿಗೆ ಹೋಗುತ್ತೆ, ಅಣ್ಣನ ಐಡಿ ಅವರ ಫೋನ್‌ನಲ್ಲಿ ತೆರೆಯಬಹುದು. ಬೇಸಿಗೆಯಲ್ಲಿ ಹೋದವನ ನಂಬರ್ ಚಳಿಗಾಲದ ಹೊತ್ತಿಗೆ ಬೇರೆ ಯಾರದ್ದೋ ಆಗಿರಬಹುದು. ಹುಡುಗಿ ಮೊದಲು ಇದನ್ನೇ ನಂಬಲಿ, ಆ ನಂಬರ್‌ಗೆ ಕಾಲ್ ಮಾಡಲಿ. ಅಲ್ಲಿಂದ ಕಥೆ ನಿಮ್ಮ ಕೈಗೆ ಬರುತ್ತೆ.

ಗೌರಿಬಿದನೂರು_ಸ್ನೈಪರ್

ಅಕ್ಕ ನನಗೆ 16. ನಿಮ್ಮ ಕಥೆ ನಾನು ಖಂಡಿತ ಓದ್ತೀನಿ. ಒಂದೆರಡು ವಿಷಯ ಹೇಳ್ತೀನಿ.

ಪಿಂಗ್ ಬಗ್ಗೆ ಬರೆಯಿರಿ. ಎಲ್ಲರಿಗೂ ಅದು ಗೊತ್ತು. ಪಿಂಗ್ ಅಂದ್ರೆ ನಮ್ಮ ಫೋನ್‌ನಿಂದ ಸರ್ವರ್‌ಗೆ ಹೋಗಿ ವಾಪಸ್ ಬರೋ ಸಮಯ. ನಮ್ಮ ಹಳ್ಳಿಯಲ್ಲಿ ಮಳೆ ಬಂದ್ರೆ ಕೆಂಪಾಗಿ ಮೇಲೆ ಹೋಗುತ್ತೆ. ನೆಟ್ ಕಟ್ ಆದ್ರೆ ನಮ್ಮ ಪ್ಲೇಯರ್ ಸಾಯಲ್ಲ, ಮ್ಯಾಚ್‌ನಲ್ಲಿ ಸುಮ್ನೆ ನಿಂತಿರ್ತಾನೆ. ಟೀಮ್‌ನವರು ಬಂದು ಸುತ್ತ ಸುತ್ತಿ ನೋಡ್ತಾರೆ. ಅದು ನೋಡೋಕೇ ಒಂಥರಾ ಇರುತ್ತೆ. ಅಣ್ಣ ಹಾಗೆ ನಿಂತಿರಲಿ. ಮಾತಾಡಬಾರದು, ಗುಂಡು ಹೊಡೀಬಾರದು. ಎಲ್ಲಿ ನಿಂತಿದ್ದಾನೆ ಅಂದ್ರೆ ಮ್ಯಾಪ್‌ನಲ್ಲಿ ನೀರಿನ ಪಕ್ಕ.

ಇನ್ನೊಂದು, ಮೈಕ್. ಟೀಮ್‌ನಲ್ಲಿ ಯಾರಾದ್ರೂ ಮೈಕ್ ಆನ್ ಬಿಟ್ರೆ ಅವರ ಮನೆ ಸದ್ದೆಲ್ಲಾ ಕೇಳುತ್ತೆ. ಕುಕ್ಕರ್ ವಿಷಲ್, ಸೀರಿಯಲ್, ಅಮ್ಮ ಬೈಯೋದು. ಗುರುತೇ ಇಲ್ಲದವರ ಮನೆ ನಮ್ಮ ಕಿವಿಯಲ್ಲಿ ಇರುತ್ತೆ. ಅಣ್ಣನ ಐಡಿಯಿಂದ ಮೈಕ್ ಆನ್ ಆದಾಗ ಅವರ ಮನೆ ಸದ್ದೇ ಕೇಳಿದ್ರೆ? ಅಂದ್ರೆ ಅವಳು ಕೂತಿರೋ ಜಾಗದ್ದೇ ಸದ್ದು. ನನಗಂತೂ ಬರೆಯುವಾಗಲೇ ಮೈ ಜುಮ್ ಅಂತು.

ಕೊನೆಯಲ್ಲಿ ಹುಡುಗಿ ಫೋನ್ ಬಿಟ್ಟು ಚೆನ್ನಾಗಿ ಓದಿ ಡಿಸ್ಟಿಂಕ್ಷನ್ ಬರೋ ಥರ ದಯವಿಟ್ಟು ಮಾಡಬೇಡಿ ಅಕ್ಕ.

ಮುಳಬಾಗಿಲು ಮಿಸ್

ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮೇಲಿನ ಹುಡುಗ ಕೊನೆಯಲ್ಲಿ ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ನಮ್ಮಲ್ಲಿ ಈ ವಯಸ್ಸಿನವರಿಗೆ ಬರೆಯುವ ಎಷ್ಟೋ ಜನ ಬುದ್ಧಿ ಹೇಳೋಕೆ ಅಂತಲೇ ಬರೆಯುತ್ತಾರೆ. ಮಕ್ಕಳಿಗೆ ಎರಡನೇ ಪುಟದಲ್ಲೇ ವಾಸನೆ ಹತ್ತುತ್ತದೆ. ಈ ಕಥೆ "ಮೊಬೈಲ್‌ನಿಂದ ಆಗುವ ದುಷ್ಪರಿಣಾಮಗಳು" ಅನ್ನುವ ಪ್ರಬಂಧ ಅಂತ ಗೊತ್ತಾದ ಕೂಡಲೇ ಮುಚ್ಚಿಡುತ್ತಾರೆ. ಗೇಮ್ ಕೆಟ್ಟದ್ದು ಅಂತ ನಿಮ್ಮ ಕಥೆ ಹೇಳಬಾರದು. ಆ ಹುಡುಗಿಗೆ ಅಣ್ಣನ ಜೊತೆ ಉಳಿದಿರುವ ಕೊನೆಯ ಜಾಗ ಅದು.

ನನ್ನ ಕಡೆಯಿಂದ ಒಂದು ಎಳೆ. 90ರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿರುತ್ತಿತ್ತು, ನಿಮ್ಮಮ್ಮನನ್ನು ಕೇಳಿ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟರೆ ಸತ್ತರು ಅಂತ. ಬಾಗಿಲ ಮೇಲೆ ನಾಳೆ ಬಾ ಅಂತ ಇದ್ದರೆ ಓದಿ ವಾಪಸ್ ಹೋಗುತ್ತದೆ. ಮಾರನೇ ದಿನ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ನಮ್ಮ ಬಾಗಿಲಿಗೂ ಅಮ್ಮ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆಗೆ ಅಳಿಸಿದರೆ ತಿರುಗಿ ಬರೆಯುತ್ತಿದ್ದರು. ಅದು ಅಳಿಸಿದ ರಾತ್ರಿಗಳಲ್ಲಿ ನಾನು ನಿದ್ದೆ ಮಾಡಿದವಳಲ್ಲ.

ಈಗ ಮಕ್ಕಳ ಗೇಮ್ ನೋಡಿ. ದಿನಾ ತೆರೆದರೆ ಬಹುಮಾನ. ಇವತ್ತಿನದು ತೆಗೆದುಕೊಂಡ ಮೇಲೆ ಏನು ಬರುತ್ತದೆ? ನಾಳೆ ಬನ್ನಿ, ಇನ್ನೂ ದೊಡ್ಡದು ಸಿಗುತ್ತದೆ. ನಾವು ದೆವ್ವಕ್ಕೆ ಹೇಳುತ್ತಿದ್ದ ಮಾತನ್ನು ಅದು ನಮ್ಮ ಮಕ್ಕಳಿಗೆ ಹೇಳುತ್ತಿದೆ. ನಿಮ್ಮ ಕಥೆಯಲ್ಲಿ ಅಜ್ಜಿ ಇದ್ದರೆ ಅವರಿಗೆ ಓದೋಕೆ ಬರಬೇಕು. ಮೊಮ್ಮಗಳ ಸ್ಕ್ರೀನ್ ಮೇಲೆ ಆ ಎರಡು ಪದ ನೋಡಿದ ಕೂಡಲೇ ಅಜ್ಜಿಗೆ ಎಲ್ಲಾ ಅರ್ಥ ಆಗಬೇಕು. ಟೆಸ್ಟರ್ ಅವರು ಹೇಳಿದ ಮಾತಿಗೂ ಇದು ಕೂಡುತ್ತದೆ. ದೆವ್ವ ಮನೆಯವರ ದನಿಯಲ್ಲೇ ಕೂಗುತ್ತದೆ, ಹಾಗಾಗಿ ಓಗೊಡದೆ ಇರುವುದು ಕಷ್ಟ. ಅಣ್ಣ ಇನ್ವೈಟ್ ಕಳಿಸಿದರೆ ಯಾವ ತಂಗಿ ಒತ್ತದೆ ಇರುತ್ತಾಳೆ?

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಗೇಮ್ ಆ ಹುಡುಗಿಗೆ ತನ್ನನ್ನು ತಾನೇ ನೋಯಿಸಿಕೊಳ್ಳುವ ಟಾಸ್ಕ್ ಕೊಡಬಾರದು. ನೀರಿಗೆ ಕರೆಯುವುದೂ ಬೇಡ. 2017ರ ಬ್ಲೂ ವೇಲ್ ಗಲಾಟೆ ನೆನಪಿದೆಯಲ್ಲ, ಮಕ್ಕಳಿಗೆ ತಮ್ಮನ್ನೇ ನೋಯಿಸಿಕೊಳ್ಳುವ ಟಾಸ್ಕ್ ಕೊಟ್ಟು ಸಾಯಿಸುವ ಗೇಮ್ ಅಂತ ಸುದ್ದಿಯಾಗಿತ್ತಲ್ಲ? ಆಗ ಶಾಲೆಗಳಲ್ಲಿ ಗಾಯದ ಗುರುತು ಇದೆಯಾ ಅಂತ ಮಕ್ಕಳ ಕೈ ತಿರುಗಿಸಿ ತಿರುಗಿಸಿ ನೋಡಿದೆವು. ಯಾವ ಸಾವಿಗೂ ಆ ಗೇಮ್ ಕಾರಣ ಅಂತ ಸಾಬೀತಾಗಿಲ್ಲ ಅಂತ 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಲೋಕಸಭೆಯಲ್ಲಿ ಹೇಳಿತು. ಆದರೆ ಆ ಗಲಾಟೆಯಲ್ಲಿ, ನಿಜವಾಗಿ ಮನಸ್ಸು ಕುಗ್ಗಿದ್ದ ಮಕ್ಕಳ ಮಾತು ಯಾರಿಗೂ ಕೇಳಿಸಲಿಲ್ಲ. ನಿಮ್ಮ ಓದುಗರಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯಿರಿ. ಎಷ್ಟು ಬೇಕಾದರೂ ಹೆದರಿಸಿ, ದಾರಿ ಮಾತ್ರ ತೋರಿಸಬೇಡಿ.

ಚಾಂಪಿಯನ್ ರೀಫ್ಸ್ (ಕೆ.ಜಿ.ಎಫ್)

ನೋಡಮ್ಮ, ನಾನು ಗೇಮ್ ಆಡಿದವನಲ್ಲ. ಮೊಮ್ಮಗ ಆಡುತ್ತಾನೆ. ನಮ್ಮ ಮನೆ ಮಾತು ತಮಿಳು, ಕನ್ನಡ ಶಾಲೆಯಲ್ಲಿ ಕಲಿತಿದ್ದು.

ಕಥೆಯನ್ನು ನಮ್ಮೂರಿಗೆ ತನ್ನಿ ಅಂತ ನನ್ನ ಆಸೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದರು. ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಈಗ ಒಳಗೆಲ್ಲ ನೀರು ತುಂಬಿದೆ. ಮೇಲೆ ಸೈನೈಡ್ ದಿಬ್ಬಗಳು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಗಾಳಿ ಬೀಸಿದರೆ ಆ ಪುಡಿ ಮನೆಯೊಳಗೆ ಬರುತ್ತದೆ. ಹೆದರೋಕೆ ಇನ್ನೇನು ಬೇಕು?

ನೀವು ಶಿಡ್ಲಘಟ್ಟದಲ್ಲೇ ಇಡುತ್ತೀರಿ ಅಂದರೂ ಒಂದು ಮಾತು ತೆಗೆದುಕೊಳ್ಳಿ. ಕೆಳಗೆ ರಾಕ್‌ಬರ್ಸ್ಟ್ ಆದರೆ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದರೆ, ಮೇಲೆ ಕಾರ್ಮಿಕರ ಲೈನ್ ಮನೆಗಳಲ್ಲಿ ಪಾತ್ರೆ ಅಲುಗುತ್ತಿದ್ದವು. ನಮ್ಮಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಈ ಪಾಳಿಯಲ್ಲಿ ಯಾರು ಯಾರು ಇಳಿದಿದ್ದಾರೆ ಅಂತ ಒಂದೊಂದೇ ಹೆಸರು ಹೇಳುತ್ತಿದ್ದರು. ಅಮ್ಮ ಗಣಿಯೊಳಗೆ ಒಂದು ದಿನವೂ ಇಳಿದವರಲ್ಲ. ಆದರೂ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೆ. ನಿಮ್ಮ ಕಥೆಯಲ್ಲಿ ಅಮ್ಮನನ್ನು ಮಲಗಿಸಿಬಿಟ್ಟಿದ್ದೀರಿ. ಮಗ ಹೋದ ಮನೆಯಲ್ಲಿ ಯಾವ ತಾಯಿ ಹನ್ನೊಂದು ಗಂಟೆಗೆ ಮಲಗಿರುತ್ತಾಳೆ? ಕಣ್ಣು ಮುಚ್ಚಿ ಬಿದ್ದಿರುತ್ತಾಳೆ, ಅಷ್ಟೇ.

ಗೂಡುಮನೆ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಎಲ್ಲಾ ಉತ್ತರ ಪ್ರಿಂಟ್ ತೆಗೆದು, ಸೊಪ್ಪು ಕತ್ತರಿಸುವ ಜಾಗದಲ್ಲೇ ಕೂತು ಗುರುತು ಹಾಕಿಕೊಂಡು ಓದಿದೆ.

ಸರ್, ಕೆ.ಜಿ.ಎಫ್‌ಗೆ ತರೋಕೆ ಆಗಲ್ಲ, ಕ್ಷಮಿಸಿ. ನಿಮ್ಮೂರಿನ ಕಥೆ ನಿಮ್ಮೂರಿನ ಹುಡುಗರೇ ಬರೆಯಬೇಕು, ಅವರಿಗೆ ಆ ದಿಬ್ಬಗಳ ಗಾಳಿ ಗೊತ್ತು. ಆದರೆ ಅಮ್ಮನ ಬಗ್ಗೆ ಹೇಳಿದ ಮಾತು ನನ್ನ ಎದೆಗೆ ತಾಗಿತು. ಅಮ್ಮ ಎದ್ದಿರುತ್ತಾಳೆ. ಮೊದಲಿನಿಂದ ಎಲ್ಲಾ ಕೇಳಿಸಿಕೊಳ್ಳುತ್ತಿರುತ್ತಾಳೆ. ಮಗಳನ್ನು ತಡೆಯುವುದಿಲ್ಲ. ಯಾಕೆ ಅಂದರೆ ಅವಳಿಗೂ ಮಗ ಬೇಕು.

ಟೆಸ್ಟರ್ ಅವರು ನಿಯಮ, ನಂಬಿಕೆ ಅಂದಾಗ ನನಗೆ ನಮ್ಮ ಹುಳುಮನೆಯೇ ನೆನಪಾಯಿತು. ಯಾವ ಗೇಮ್‌ಗಿಂತಲೂ ಜಾಸ್ತಿ ನಿಯಮ ಅಲ್ಲಿದೆ. ಚಪ್ಪಲಿ ಹೊರಗೆ ಬಿಡಬೇಕು. ಕೈಕಾಲು ತೊಳೆದು ಒಳಗೆ ಹೋಗಬೇಕು. ಸೆಂಟು ಹಾಕಿಕೊಂಡು ಬರಬಾರದು. ಹೊರಗಿನವರನ್ನು ಬಿಡಬಾರದು. ಕಿಟಕಿಗೆಲ್ಲಾ ನೈಲಾನ್ ಬಲೆ, ಊಜಿ ನೊಣ ಬರಬಾರದು ಅಂತ. ಆ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂತು. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆದು ಹೋಗುತ್ತದೆ. ಹೊರಗೆ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಹುಳು ಸೊಪ್ಪು ತಿನ್ನುತ್ತಲೇ ಇರುತ್ತದೆ, ಒಳಗೆ ಇನ್ನೊಂದು ಅದನ್ನೇ ತಿನ್ನುತ್ತಿರುತ್ತದೆ. ಚಿಕ್ಕವಳಿದ್ದಾಗಿನಿಂದ ಆ ಚುಕ್ಕೆ ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಗೇಮ್‌ನಲ್ಲಿ ಅಣ್ಣನ ಐಡಿ ಫೋಟೋ ಮೇಲೆ ಅಂಥದ್ದೇ ಒಂದು ಚುಕ್ಕೆ ಬರುತ್ತದೆ. ಮೊದಲು ಸ್ಕ್ರೀನ್ ಮೇಲಿನ ಧೂಳು ಅಂತ ಒರೆಸುತ್ತಾಳೆ. ಹೊರಗಿನವರನ್ನು ಬಿಡಬಾರದು ಅನ್ನುವ ಮನೆಗೆ ಫೋನ್ ಹಿಡಿದು ಯಾರನ್ನೋ ಕರೆತಂದವಳು ತಾನೇ ಅಂತ ಅವಳಿಗೆ ನಿಧಾನಕ್ಕೆ ಗೊತ್ತಾಗುತ್ತದೆ.

ಗೌರಿಬಿದನೂರಿನ ತಮ್ಮಾ, ನಿನ್ನ ಮೈಕ್ ಇಡೀ ಕಥೆಯನ್ನು ತಿರುಗಿಸಿತು. ಹಣ್ಣಾಗುವ, ಅಂದರೆ ಗೂಡು ಕಟ್ಟೋಕೆ ಸಿದ್ಧವಾಗುವ ಮುಂಚಿನ ವಾರ ಹುಳು ಸೊಪ್ಪು ತಿನ್ನುವ ಸದ್ದು ನೀನು ಕೇಳಿರಬೇಕು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇರುತ್ತದೆ. ನಮ್ಮ ಕಡೆ ಮಕ್ಕಳಿಗೆ ಆ ಸದ್ದಿನಲ್ಲೇ ನಿದ್ದೆ ಬರುತ್ತದೆ. ಈಗ ಕಥೆಯಲ್ಲಿ ಬೆಳೆ ಮುಗಿದಿದೆ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ಬಂದಿದ್ದಾರೆ. ಹುಳುಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಬಾಗಿಲು ಹಾಕಿದ್ದಾರೆ. ಒಳಗೆ ಒಂದು ಹುಳುವೂ ಇಲ್ಲ. ಹುಡುಗಿ ಖಾಲಿ ಮನೆಯಲ್ಲಿ ಕೂತು ಗೇಮ್ ತೆರೆಯುತ್ತಾಳೆ. ಅಣ್ಣನ ಮೈಕ್ ಆನ್ ಆಗುತ್ತದೆ. ಸೊಪ್ಪು ತಿನ್ನುವ ಸದ್ದು.

ಮಿಸ್, ನೀರಿಗೆ ಕರೆಯುವುದು ಮೊದಲಿನ ಡ್ರಾಫ್ಟ್‌ನಲ್ಲೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಆ ಐಡಿ ಅವಳಿಗೆ ಏನನ್ನೂ ಮಾಡು ಅನ್ನುವುದಿಲ್ಲ. ಹನ್ನೊಂದಾಯಿತು, ಸೊಪ್ಪು ಹಾಕಿದೆಯಾ ಅಂತ ಮಾತ್ರ ಕೇಳುತ್ತದೆ. ನಾಳೆ ಬಾ ಇಟ್ಟುಕೊಳ್ಳುತ್ತೇನೆ. ಅಜ್ಜಿಯನ್ನು ಹೊಸದಾಗಿ ತರುತ್ತೇನೆ.

ಒಂದೇ ಒಂದು ಗೊಂದಲ. ಮೈಕ್ ಸದ್ದು ಕೇಳಿದಾಗ, ಅದು ತನ್ನ ಫೋನ್‌ನಿಂದಲೇ ಬರುತ್ತಿದೆಯಾ ಅಂತ ಹುಡುಗಿಗೆ ಅನುಮಾನ ಬರಬೇಕು. ಅದನ್ನು ಅವಳು ಹೇಗೆ ನೋಡುತ್ತಾಳೆ?

ಕ್ಯಾತ್ಸಂದ್ರದವನು (ತುಮಕೂರು)

ಸುಲಭ ಮೇಡಂ. ಆಂಡ್ರಾಯ್ಡ್ 12ರಿಂದ ಈಚೆಗೆ ಯಾವುದೇ ಆಪ್ ಮೈಕ್ ಅಥವಾ ಕ್ಯಾಮೆರಾ ಬಳಸಿದರೆ ಸ್ಕ್ರೀನ್‌ನ ಬಲಗಡೆ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಬರುತ್ತೆ. ಆ ಹಸಿರು ಇಲ್ಲ ಅಂದರೆ ಅವಳ ಮೈಕ್ ಆಫ್ ಇದೆ. ಅದಕ್ಕೇ ಫೋನ್ ತೀರಾ ಹಳೆಯದು ಮಾಡಬೇಡಿ, 2022ರ ನಂತರ ಕೊಂಡದ್ದು ಅಂತ ಇರಲಿ. ಮೊದಲು ಹಸಿರು ಇಲ್ಲ ಅಂತ ನೋಡಿ ಸಮಾಧಾನ ಮಾಡಿಕೊಳ್ಳಲಿ. ಆಮೇಲೆ ಗೇಮ್‌ನಿಂದ ಹೊರಗೆ ಬರಲಿ, ಎಲ್ಲಾ ಆಪ್ ಮುಚ್ಚಲಿ. ಆಗ ಹಸಿರು ಬರಲಿ.

ಅಲ್ಲಿ ಬೇಕಾದರೆ ಬಟನ್ ಒತ್ತಿಸಿ. ನಿಮ್ಮ ತಂಗಿ ಕೇಳಿದ್ದನ್ನೇ ಹುಡುಗಿ ಮಾಡಲಿ, ಆಫ್ ಮಾಡಲಿ. ಆದರೆ ಅಧ್ಯಾಯ ಅಲ್ಲಿಗೆ ಮುಗಿಸಬೇಡಿ. ಆಫ್ ಮಾಡಿದ ಮೇಲೆ ಅವಳು ಎಷ್ಟು ಹೊತ್ತು ತಡೆದುಕೊಳ್ಳುತ್ತಾಳೆ ಅಂತ ಬರೆಯಿರಿ. ಮತ್ತೆ ಆನ್ ಮಾಡುವುದು ಅವಳೇ ಆಗಿರಲಿ.

ಮುಳಬಾಗಿಲು ಮಿಸ್

ಅವಳು ಆನ್ ಮಾಡುವ ಮುಂಚೆ ಅಮ್ಮ ಬಂದು ಪಕ್ಕದಲ್ಲಿ ಕೂತರೆ ಹೇಗಿರುತ್ತೆ, ಅದನ್ನೂ ಯೋಚಿಸಿ. ಇಬ್ಬರಲ್ಲಿ ಯಾರು ಒತ್ತುತ್ತಾರೆ ಅನ್ನೋದು ನಿಮಗೆ ಬಿಟ್ಟಿದ್ದು.

ಬರೆದಷ್ಟನ್ನು ಕಳಿಸಿ. ನನ್ನ ಹತ್ತನೇ ಕ್ಲಾಸಿನವರಿಗೆ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಓದುತ್ತೇನೆ. ಎಲ್ಲಿ ಗುಸುಗುಸು ಶುರುವಾಯಿತು, ಎಲ್ಲಿ ಪೂರ್ತಿ ನಿಂತಿತು ಅಂತ ಪುಟದ ಪಕ್ಕದಲ್ಲೇ ಬರೆದು ನಿಮಗೆ ವಾಪಸ್ ಕಳಿಸುತ್ತೇನೆ.